ಅಲಗಿಗೆ ದುಡ್ಡು ಕೊಡಿ, ಡಬ್ಬಿಗಲ್ಲ

ಹೋದ ವಾರ ಒಂದು ಡಬ್ಬಿ ಗುಜರಿಗೆ ಹಾಕಿದೆ. ಮೂರು ವರ್ಷದ ಹಿಂದೆ ಆನ್‌ಲೈನಿನಲ್ಲಿ 599 ರೂಪಾಯಿ ಕೊಟ್ಟು ತರಿಸಿದ್ದ ಮಾಡೆಲ್ ಮಾಡುವವರ ಟೂಲ್ ಸೆಟ್ಟು, 42 ಪೀಸು. ನೀಲಿ ಝಿಪ್ಪಿನ ಚೀಲ, ಒಳಗೆ ಒಂದೊಂದಕ್ಕೂ ಒಂದೊಂದು ಎಲಾಸ್ಟಿಕ್ ಪಟ್ಟಿ. ಬಿಚ್ಚಿದ ದಿನ ಮದುವೆಮನೆಯಲ್ಲಿ ಒಡವೆ ಪೆಟ್ಟಿಗೆ ತೆರೆದಷ್ಟು ಖುಷಿ. ಮರುದಿನ ನೋಡಿದರೆ ಚಿಮಟದ ಎರಡು ತುದಿ ಒಂದಕ್ಕೊಂದು ಮುಖವೇ ಕೊಡುವುದಿಲ್ಲ. ಕೈ ಡ್ರಿಲ್ಲಿನ ಬಾಯಿ ಓರೆ. ಒಂದೇ ಸಂಜೆಗೆ ನಾಲ್ಕು ಬಿಟ್ ಪಟಪಟ ಮುರಿದವು. 42ರಲ್ಲಿ 30 ಬರೀ ಬ್ಲೇಡು, ಅವೂ ಕಾಗದ ಹರಿಯುವ ಜಾತಿಯವು. ಉಳಿದದ್ದನ್ನು ಮಳೆಗಾಲ ತಿಂದು ಮುಗಿಸಿತು.

ನನ್ನ ಮೇಜಿನ ಮೇಲಿರುವುದು ನಮ್ಮ ಟಾಗೋರ್ ಬೀಚಿನ ಚಪಲ್ ಹಡಗಿನ ಪುಟ್ಟ ಮಾಡೆಲ್. ಅಸಲು ಹಡಗು 1976ರಲ್ಲಿ ನೌಕಾಪಡೆ ಸೇರಿ, 2005ರಲ್ಲಿ ನಿವೃತ್ತಿಯಾಗಿ, 2006ರಿಂದ ಕಾರವಾರದ ಮರಳ ಮೇಲೆ ಮ್ಯೂಸಿಯಂ ಆಗಿ ಕೂತ ಕ್ಷಿಪಣಿ ದೋಣಿ. (1971ರಲ್ಲಿ ಕರಾಚಿಗೆ ನುಗ್ಗಿದ್ದು ಇದೇ ಅಂತ ಶೇಂಗಾ ತಿನ್ನುತ್ತ ಹೇಳುವವರು ಬೀಚಿನಲ್ಲಿ ಸಿಗುತ್ತಾರೆ. ಅಲ್ಲ ಮಾರಾಯ್ರೆ, ಅದು ಇದರ ಅಣ್ಣಂದಿರ ಕೆಲಸ.) ಉದ್ದ 38.6 ಮೀಟರ್. ನೂರನೇ ಒಂದು ಅಳತೆಗೆ ಇಳಿಸಿದರೆ 38.6 ಸೆಂಟಿಮೀಟರ್, ಲೆಕ್ಕಕ್ಕೆ ತಲೆನೋವೇ ಇಲ್ಲ. ಟಿಕೆಟ್ ತೆಗೆದುಕೊಂಡು ಒಳಗೆ ಹೋಗಿ ಟೇಪ್ ಹಿಡಿದರೆ ಬಾಗಿಲು, ಏಣಿ, ಬೋಲ್ಟು ಎಲ್ಲ ಕೈಯಳತೆಗೆ ಸಿಗುತ್ತದೆ. ಇಂಥ ಭಾಗ್ಯ ಯಾವ ಊರಿನ ಹವ್ಯಾಸಿಗಿದೆ ಹೇಳಿ.

ಹಡಗೇನೋ ಇದೆ, ಅದನ್ನು ಕೆತ್ತುವ ಸಾಮಾನು ಎಲ್ಲಿಂದ ತರುವುದು? ಹವ್ಯಾಸದ ಅಂಗಡಿ ಅನ್ನುವಂಥದ್ದು ನಮ್ಮಲ್ಲಿ ಇಲ್ಲ. ಮಡಗಾಂವಕ್ಕೆ ಹೋದರೂ ಹುಬ್ಬಳ್ಳಿಗೆ ಹೋದರೂ ಸಿಗುವುದು ಡ್ರಾಯಿಂಗ್ ಸಾಮಾನೇ. ಹಾಗಾಗಿ ನಾನೂ ಎಲ್ಲರ ಹಾಗೆ ಮೊಬೈಲಿನಲ್ಲಿ 'ಬಜೆಟ್', 'ಬಿಗಿನರ್' ಅಂತ ಹುಡುಕಿ ಆ ನೀಲಿ ಚೀಲಕ್ಕೆ ಬಿದ್ದೆ. ಈಗ ಅನ್ನಿಸುವುದಿಷ್ಟೆ: 'ಹಾಬಿ' ಅಂತ ಚೀಟಿ ಅಂಟಿಸಿದ ಕೂಡಲೇ ಒಂದೋ ಮಾಲು ಕಳಪೆ, ಇಲ್ಲವೇ ಬೆಲೆ ಮೂರು ಪಟ್ಟು. ಅದೇ ಕೆಲಸವನ್ನು ಹೊಟ್ಟೆಪಾಡಿಗೆ ಮಾಡುವವರು ನಮ್ಮ ಪೇಟೆಯಲ್ಲೇ ಇದ್ದಾರೆ. ಅವರು ಯಾವ ಅಂಗಡಿಯಿಂದ ತರುತ್ತಾರೋ ಅಲ್ಲಿಂದಲೇ ನಾವೂ ತರಬೇಕು.

ಮೊದಲು ನನ್ನ ಕಣ್ಣು ತೆರೆಸಿದವರು ಬಂಗಾರದ ಕೆಲಸದ ಒಬ್ಬ ಹಿರಿಯ ಶೇಟ್ರು. ಮನೆಯವರ ಕಿವಿಯೋಲೆ ರಿಪೇರಿಗೆ ಹೋಗಿದ್ದೆ. ಓಲೆ ಯಾರಿಗೆ ಬೇಕು, ನನ್ನ ಕಣ್ಣೆಲ್ಲ ಅವರ ಮಣೆ ಮೇಲೆ. ಸೂಜಿಯಷ್ಟು ಸಣ್ಣ ಅರಗಳು: ಚಪ್ಪಟೆ, ಗುಂಡು, ಮುಮ್ಮೂಲೆ, ಇಲಿಬಾಲದವು. ಕೂದಲಿನಷ್ಟು ತೆಳು ಗರಗಸ. ತುದಿಗೆ ತುದಿ ಕೂಡುವ ಚಿಮಟ. ನನ್ನ ನೀಲಿ ಚೀಲದಲ್ಲಿ ಇರಬೇಕಿದ್ದದ್ದೆಲ್ಲ ಅಲ್ಲಿತ್ತು. ಕೇಳಿದೆ. ಅವರು ನಕ್ಕು, ಬೆಳ್ಳಿ ಹಿಡಿಯದಷ್ಟು ಸವೆದು ಮೂಲೆಗೆ ಬಿದ್ದಿದ್ದ ಆರು ಅರ ತೆಗೆದು ಕೊಟ್ಟರು. ಕೊಡುವ ಮುಂಚೆ ಒಂದೊಂದನ್ನೂ ತಟ್ಟೆಯ ಮೇಲೆ ಟಕಟಕ ಬಡಿದು, ಬ್ರಶ್ಶಿನಿಂದ ಉಜ್ಜಿ, ಮತ್ತೆ ಬಡಿದರು. ವರ್ಷಗಟ್ಟಲೆ ಹಲ್ಲಿನಲ್ಲಿ ಕೂತ ಬಂಗಾರದ ಪುಡಿ ನನ್ನ ಜೊತೆ ಹೋಗಬಾರದಲ್ಲ! ಲೋಹಕ್ಕೆ ಮೊಂಡಾದ ಅರ ಪ್ಲಾಸ್ಟಿಕ್ಕಿಗೆ ಬೆಣ್ಣೆ. ಹೊಸ ಅರ ಪ್ಲಾಸ್ಟಿಕ್ಕನ್ನು ಕಚ್ಚಿ ಗೀರು ಬೀಳಿಸುತ್ತದೆ, ಇವು ಸವರಿಕೊಂಡು ಹೋಗುತ್ತವೆ. ಹಲ್ಲಿನಲ್ಲಿ ಪುಡಿ ತುಂಬಿದರೆ ಹಳೇ ಟೂತ್‌ಬ್ರಶ್ ಸಾಕು. ಗರಗಸದ ಚೌಕಟ್ಟು, ಅಲಗು, ಚಿಮಟ ಇವನ್ನು ಶೇಟ್ರ ಮೂಲಕವೇ ತರಿಸಿಕೊಂಡೆ. ಆ 599ಕ್ಕಿಂತ ಸ್ವಲ್ಪ ಹೆಚ್ಚಾಯಿತು. ಇವತ್ತಿಗೂ ಒಂದೂ ಕೈಕೊಟ್ಟಿಲ್ಲ.

ಚಾಕುವಿನ ಕತೆ ಮೆಡಿಕಲ್ ಶಾಪಿನಲ್ಲಿ ಮುಗಿಯಿತು. ಆಪರೇಶನ್ನಿಗೆ ಬಳಸುವ ಮೂರನೇ ನಂಬರಿನ ಹಿಡಿಕೆ, ಅದಕ್ಕೆ ಕೂರುವ ಹನ್ನೊಂದನೇ ನಂಬರಿನ ಚೂಪು ಬ್ಲೇಡು. ನಾನು ಬಿಡಿಯಾಗಿ ತರುವ ಬ್ಲೇಡಿಗೆ ಐದಾರು ರೂಪಾಯಿ ಬೀಳುತ್ತದೆ. "ಯಾರಿಗೆ ಆಪರೇಶನ್?" ಅಂತ ಹುಡುಗ ಕೇಳಿದ. "ಹಡಗಿಗೆ" ಅಂದೆ. ಅವನ ಮುಖ ನೋಡಬೇಕಿತ್ತು. ಆದರೆ ಒಂದು ಮಾತು, ಈ ಬ್ಲೇಡನ್ನು ಬರಿಗೈಯಲ್ಲಿ ಬಿಚ್ಚಬೇಡಿ. ನಾನು ಬಿಚ್ಚಿದೆ, ಹೆಬ್ಬೆರಳಿಗೆ ಮೂರು ಹೊಲಿಗೆ ಬಿತ್ತು. ಇಕ್ಕಳದಲ್ಲಿ ಹಿಡಿದು ಎಳೆಯಿರಿ. ತೆಳು ಬ್ಲೇಡಾದ್ದರಿಂದ ದಪ್ಪ ಹಾಳೆಗೆ ಇದನ್ನು ಒತ್ತಬಾರದು, ಬಳುಕಿ ಸಿಡಿಯುತ್ತದೆ. ಅದಕ್ಕೆ ಬ್ಲೇಡಿನ ಮೊಂಡು ತುದಿಯನ್ನು ತುಂಡು ತುಂಡಾಗಿ ಮುರಿದು ಬಿಸಾಡುವ ಸಾಮಾನ್ಯ ಕಟರೇ ಸರಿ. ಕಟರಿನ ಹಿಡಿಕೆ 30 ರೂಪಾಯಿಯದ್ದೇ ಇರಲಿ, ಅದರೊಳಗಿನ ಬ್ಲೇಡು ಮಾತ್ರ ಒಳ್ಳೆಯದನ್ನು ಹಾಕಿ.

ನನ್ನ ತಕರಾರಿನ ಬುಡ ಇಲ್ಲೇ ಇದೆ. ಜನ ಹಿಡಿಕೆಗೆ ದುಡ್ಡು ಸುರಿಯುತ್ತಾರೆ, ಡಬ್ಬಿಗೆ ಸುರಿಯುತ್ತಾರೆ, ಅಲಗಿನ ಹತ್ತಿರ ಬಂದಾಗ ಚೌಕಾಸಿ. ಮೊಂಡಾದ ಬ್ಲೇಡನ್ನೇ ಇನ್ನೊಂದು ವಾರ ಎಳೆಯುತ್ತಾರೆ. ಮೊಂಡು ಬ್ಲೇಡಿಗೆ ಬಲ ಜಾಸ್ತಿ ಬೇಕು, ಬಲ ಜಾಸ್ತಿಯಾದರೆ ಕೈ ಜಾರುತ್ತದೆ, ಜಾರಿದರೆ ಕೆಲಸವೂ ಹೋಯಿತು ಬೆರಳೂ ಹೋಯಿತು.

ಶಿರಸಿಯಲ್ಲಿ ಗುಡಿಗಾರರು ಕೂತು ಕೆತ್ತುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿ ಎಷ್ಟಿದ್ದರೂ ಕೈಗೆ ಬರುವುದು ಏಳೆಂಟೇ, ಹಿಡಿಕೆ ನೋಡಿದರೆ ಯಾವುದೋ ಕೊಂಬೆಯ ತುಂಡು. ಆದರೆ ಅರ್ಧ ಗಂಟೆ ಕೆತ್ತಿದರೆ ಐದು ನಿಮಿಷ ಕಲ್ಲಿಗೆ ಹಿಡಿದೇ ಹಿಡಿಯುತ್ತಾರೆ. ಸಾಣೆಕಲ್ಲಿಗೂ ನಾನು ಖರ್ಚು ಮಾಡಿಲ್ಲ. ಒಡೆದ ಕಿಟಕಿಯ ಗಾಜಿನ ತುಂಡಿನ ಮೇಲೆ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಹಾಸಿ ನೀರು ಚಿಮುಕಿಸಿ, 400, 1000, 2000 ನಂಬರಿನ ಮೇಲೆ ಸಾಲಾಗಿ ಉಜ್ಜಿ, ಕೊನೆಗೆ ಹಳೇ ತೊಗಲು ಬೆಲ್ಟಿನ ಮೇಲೆ ಎಳೆದರೆ ರೋಮ ಬೋಳಿಸುವಷ್ಟು ಹರಿತ. ಈ ಪೇಪರ್ ಸ್ಟೇಶನರಿಯಲ್ಲಿ ಕೇಳಬೇಡಿ, ಕಾರಿಗೆ ಬಣ್ಣ ಹೊಡೆಯುವವರು ಕೊಳ್ಳುವ ಅಂಗಡಿಗೆ ಹೋಗಿ.

ಸಣ್ಣ ಉಳಿ ಬೇಕೇ? ಮುರಿದ ಕೊಡೆ ಇದೆಯಲ್ಲ! ನಮ್ಮ ಜಿಲ್ಲೆಯಲ್ಲಿ ಕೊಡೆ ಮುರಿಯದ ಮನೆ ಉಂಟೇ. ಹಳೇ ಕಾಲದ ಕೊಡೆಯ ಕಡ್ಡಿ ಉಕ್ಕಿನದು, ಅಡ್ಡ ಕೊಯ್ದು ನೋಡಿದರೆ ಒಳಗೆ ಕಾಲುವೆಯ ಹಾಗೆ ಗುಳಿ ಇರುತ್ತದೆ. ಒಂದು ಗೇಣು ಕತ್ತರಿಸಿ ತುದಿಯನ್ನು ಓರೆಯಾಗಿ ಮಸೆದರೆ ಎರಡು ಮಿಲಿಮೀಟರಿನ ಗುಂಡುಳಿ ತಯಾರು. ಮುರಿದ ಹ್ಯಾಕ್ಸಾ ಬ್ಲೇಡಿನ ತುದಿಯನ್ನು ಗ್ರೈಂಡರಿಗೆ ಹಿಡಿದು ಗಿಳಿಮೂಗಿನ ಹಾಗೆ ಕೊಕ್ಕೆ ಮಾಡಿದರೆ ಹಡಗಿನ ತಗಡು ಜೋಡಣೆಯ ಗೆರೆ ಗೀರಬಹುದು. ಇದನ್ನೇ ಚಂದದ ಹೆಸರಿಟ್ಟು ಸಾವಿರಕ್ಕೆ ಮಾರುತ್ತಾರೆ.

ಹಡಗಿನ ಮೈ ಫ್ಲೆಕ್ಸ್ ಬೋರ್ಡಿನವರ ಕಸದಿಂದ ಬಂತು. ಅವರು ಫೋಮ್ ಶೀಟ್ ಕೊಯ್ದು ಉಳಿದ ಮೂರು ಮಿಲಿಮೀಟರಿನ ತುಂಡುಗಳನ್ನು ಹಿತ್ತಿಲಲ್ಲಿ ರಾಶಿ ಹಾಕಿರುತ್ತಾರೆ. ಅದು ಪಿವಿಸಿ, ಪೈಪಿಗೆ ಹಚ್ಚುವ ಸಾಲ್ವೆಂಟಿನಲ್ಲೇ ಕಚ್ಚಿಕೊಳ್ಳುತ್ತದೆ, ಕಿಟಕಿ ತೆರೆದಿಟ್ಟು ಹಚ್ಚಬೇಕು ಅಷ್ಟೆ. ಯಾರದೋ ಹುಟ್ಟುಹಬ್ಬದ ಶುಭಾಶಯದ ಬೆನ್ನಿನ ಮೇಲೆ ನನ್ನ ಹಡಗಿನ ಡೆಕ್ಕು ನಿಂತಿದೆ. ನಾಲ್ಕು ಕ್ಷಿಪಣಿ ಕೊಳವೆಗೆ ಶಾಲೆಯಿಂದ ಬಂದ ಖಾಲಿ ಮಾರ್ಕರ್ ಪೆನ್ನು. ಆಂಟೆನಾ ತಂತಿಗೆ ತಂಗೂಸ, ಅಂದರೆ ಮೀನು ಹಿಡಿಯುವ ನೈಲಾನ್ ದಾರ. ಬೈತಖೋಲ ಬಂದರಿನ ಕಡೆ ಬಲೆ ಸಾಮಾನಿನ ಅಂಗಡಿಯಲ್ಲಿ ಎಷ್ಟು ತೆಳು ಬೇಕೋ ಅಷ್ಟು ತೆಳು ಸಿಗುತ್ತದೆ.

ರೇಲಿಂಗಿಗೆ ಮೋಟಾರ್ ವೈಂಡಿಂಗ್ ಅಂಗಡಿ. 40 ಮಿಲಿಮೀಟರಿನ ಪೈಪು ನನ್ನ ಅಳತೆಯಲ್ಲಿ 0.4 ಆಗಬೇಕು. 26 ಗೇಜಿನ ತಾಮ್ರದ ತಂತಿ 0.457, ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಸುಟ್ಟ ಮೋಟಾರಿನ ತಂತಿ ಸುರುಳಿ ಸುರುಳಿ ಇರುತ್ತದೆ. ಒಂದು ತುದಿ ವೈಸಿಗೆ ಬಿಗಿದು ಇನ್ನೊಂದು ತುದಿ ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ಜಗ್ಗಿ. ಒಂದು ಕ್ಷಣ ರಬ್ಬರಿನ ಹಾಗೆ ಹಿಗ್ಗಿದ್ದು ಕೈಗೆ ಗೊತ್ತಾಗುತ್ತದೆ, ಬಿಟ್ಟರೆ ಗೆರೆ ಎಳೆದಷ್ಟು ನೇರ. ತೂತು ಕೊರೆಯಲು ಕೈ ಡ್ರಿಲ್ಲಿಗೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್ ಅನ್ನುವ ಉಕ್ಕು) ಬಿಟ್ಟನ್ನೇ ಕೇಳಿ. ಆನ್‌ಲೈನಿನಲ್ಲಿ ಹತ್ತರ ಡಬ್ಬಿಯಲ್ಲಿ ಅಗ್ಗಕ್ಕೆ ಬರುವವು ಸರ್ಕ್ಯೂಟ್ ಬೋರ್ಡಿನ ಕಾರ್ಬೈಡ್ ಬಿಟ್ಟುಗಳು. ಯಂತ್ರದಲ್ಲಿ ಅವು ರಾಜ, ಕೈ ಚೂರು ಓರೆಯಾದರೆ ಗಾಜಿನ ಹಾಗೆ ಮುರಿಯುತ್ತವೆ. ನನ್ನ ಆ ನಾಲ್ಕರಲ್ಲಿ ಎರಡರ ಪಾಪವಾದರೂ ಡ್ರಿಲ್ಲಿನದಲ್ಲ, ಈ ಜಾತಿಯದ್ದು.

ನಿಪ್ಪರ್, ಅಂದರೆ ಸಣ್ಣ ಪ್ಲಾಸ್ಟಿಕ್ ಭಾಗ ಕತ್ತರಿಸುವ ಇಕ್ಕಳದ ವಿಷಯದಲ್ಲಿ ಮಾತ್ರ ಸೋತಿದ್ದೇನೆ ಅಂತ ಒಪ್ಪಿಕೊಳ್ಳಬೇಕು. ಮೊಬೈಲ್ ರಿಪೇರಿಯವರ ಕಟರ್ 150ಕ್ಕೆ ಸಿಗುತ್ತದೆ, ಒಂದೆರಡು ಮಿಲಿಮೀಟರ್ ದೂರದಿಂದ ಕತ್ತರಿಸಿ ಉಳಿದದ್ದನ್ನು ಅರದಲ್ಲಿ ಸವರಿದರೆ ಕೆಲಸ ಆಗುತ್ತದೆ. ಆದರೂ ಗೆಳೆಯನ ಮನೆಯಲ್ಲಿ ಜಪಾನಿನ ಗಾಡ್‌ಹ್ಯಾಂಡ್ ಕಂಪನಿಯ ನಿಪ್ಪರ್ ಹಿಡಿದು ನೋಡಿದ ಮೇಲೆ ಒಂದು ರಾತ್ರಿ ನಿದ್ದೆ ಬರಲಿಲ್ಲ. ಒಂದೇ ಬದಿಗೆ ಅಲಗು. ಕತ್ತರಿಸಿದ ಜಾಗದಲ್ಲಿ ಬಿಳಿ ಕಲೆಯೂ ಉಳಿಯುವುದಿಲ್ಲ. ಬೆಲೆ ಸಾವಿರಗಳಲ್ಲಿ, ಮೇಲಿಂದ ತಪ್ಪಿ ತಾಮ್ರದ ತಂತಿ ಕತ್ತರಿಸಿದರೆ ಅಲಗು ಚೂರಾಗುತ್ತದೆ. ನಮ್ಮ ಮನೆಯಲ್ಲಿ ಅದನ್ನು ಯಾರಾದರೂ ತೆಂಗಿನಕಾಯಿ ನಾರಿಗೆ ಬಳಸುವುದು ಖಂಡಿತ. ಬೇಡ ಬಿಡಿ.

ತಿರುಗುವ ಸಣ್ಣ ಮೋಟಾರಿನ ಗ್ರೈಂಡರೂ ಬೇಡ, ಶುರುವಿಗಂತೂ ಬೇಡ. ವೇಗಕ್ಕೆ ಪ್ಲಾಸ್ಟಿಕ್ ಕೊರೆಯುವುದಿಲ್ಲ, ಕರಗುತ್ತದೆ.

ಬೆಂಗಳೂರಿನವರು ಬರೆದ ಸಲಹೆ ಓದಿ ನಮಗೆ ಪೂರ್ತಿ ದಕ್ಕದಿರುವುದಕ್ಕೆ ಕಾರಣ ಬೆಲೆಯಲ್ಲ, ತುಕ್ಕು. ವರ್ಷಕ್ಕೆ 3,000 ಮಿಲಿಮೀಟರಿನ ಆಸುಪಾಸು ಮಳೆ, ಜೊತೆಗೆ ಕಡಲ ಉಪ್ಪುಗಾಳಿ. ಜೂನಿನಲ್ಲಿ ಮೇಜಿನ ಮೇಲೆ ಬಿಟ್ಟ ಚಾಕು ಪಂಚಮಿಗೆ ಕೆಂಪು. ತೆಂಗಿನೆಣ್ಣೆ ಹಚ್ಚಿ ನೋಡಿದೆ, ಕೆಲ ದಿನಕ್ಕೆ ಅಂಟಂಟಾಗಿ ಧೂಳು ಹಿಡಿಯಿತು. ಹೊಲಿಗೆ ಯಂತ್ರದ ಎಣ್ಣೆ ತೆಳುವಾಗಿ ಒರೆಸಿ, ಬಿಗಿ ಮುಚ್ಚಳದ ಹಾರ್ಲಿಕ್ಸ್ ಬಾಟಲಿಗೆ ಹಾಕಿ, ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ ನಾಲ್ಕೈದು ಒಳಗಿಟ್ಟರೆ ಮಳೆಗಾಲ ದಾಟುತ್ತದೆ. ಫೆವಿಕ್ವಿಕ್ ಗಟ್ಟಿಯಾಗುವುದೇ ತೇವದಿಂದ, ಆದ್ದರಿಂದ ಒಮ್ಮೆ ತೆರೆದ ಟ್ಯೂಬು ನಮ್ಮಲ್ಲಿ ಬಾಳುವುದಿಲ್ಲ. ಐದು ರೂಪಾಯಿಯ ಸಣ್ಣದನ್ನೇ ತನ್ನಿ. ಬಿರುಕಿಗೆ ಅಡಿಗೆ ಸೋಡ ಉದುರಿಸಿ ಮೇಲೆ ಒಂದು ಹನಿ ಬಿಟ್ಟರೆ ಕ್ಷಣದಲ್ಲಿ ಕಲ್ಲು, ಪುಟ್ಟಿಯ ಖರ್ಚೂ ಉಳಿಯಿತು. ಸ್ಪ್ರೇ ಬಣ್ಣವನ್ನು ಮಳೆ ಹಿಡಿದ ದಿನ ಹೊಡೆಯಲೇಬೇಡಿ, ಬೂಷ್ಟು ಬಂದ ಹಾಗೆ ಬೆಳ್ಳಗಾಗುತ್ತದೆ. ಚವತಿ ಕಳೆದ ಮೇಲೆ ಬಿಸಿಲು ನೋಡಿ ಹೊಡೆಯಿರಿ.

ಮೊನ್ನೆ ಶೇಟ್ರು ಮನೆಗೆ ಬಂದಿದ್ದರು. ಹಡಗು ತೋರಿಸಿದೆ. ಕನ್ನಡಕ ಏರಿಸಿ ಒಂದು ಸುತ್ತು ನೋಡಿದರು, "ಬೀಚಿನಲ್ಲಿರೋದಾ?" ಅಂದರು, ಮುಗಿಯಿತು. ಆಮೇಲೆ ಮೇಜಿನ ಮೇಲಿದ್ದ ಇಲಿಬಾಲದ ಅರ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರು. ರೂಢಿಬಲ, ಅಂಗೈಯೊಡ್ಡಿ ಟಕಟಕ ಬಡಿದರು. ಬಿಳಿ ಪ್ಲಾಸ್ಟಿಕ್ ಪುಡಿ ಉದುರಿತು. ಅದನ್ನೇ ಒಂದು ಗಳಿಗೆ ನೋಡಿ, ಪಂಚೆಗೆ ಕೈ ಒರೆಸಿಕೊಂಡು, ಚಹಾ ಕೇಳಿದರು. ಎಡಬದಿಯ ರೇಲಿಂಗ್ ಇನ್ನೂ ಬಾಕಿ ಇದೆ.