ಕೆಮ್ಮು ಇದೆಯಾ? ಇಲ್ಲ. ಬರ್ಕೊಳ್ಳಿ!

ಮಳೆ ಬಂತು, ಬೆಂಗಳೂರಿಗೆ ಜ್ವರ ಬಂತು, ಅದರ ಬೆನ್ನಿಗೇ ಮನೆಮನೆ ಜ್ವರ ಸಮೀಕ್ಷೆಯೂ ಬಂತು. ಇದು ನಮ್ಮ ವಾರ್ಷಿಕ ಹಬ್ಬ. ಟಿವಿಯಲ್ಲಿ ಯಾರಾದರೂ ಮಂತ್ರಿ "ಜನ ಆತಂಕಪಡಬೇಕಿಲ್ಲ" ಅಂದರೆ ಸಾಕು, ಅಲ್ಲಿವರೆಗೆ ಆರಾಮಾಗಿದ್ದವರಿಗೂ ಗಂಟಲು ಕೆರೆಯುತ್ತದೆ.

ಪ್ರಶ್ನೆಗಳು ಸುಲಭ. ಜ್ವರ ಇದೆಯಾ? ಕೆಮ್ಮು? ಮೈಕೈ ನೋವು? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಜಾಸ್ತಿ ಜ್ವರ, ಜೊತೆಗೆ ಕೆಮ್ಮು, ಎರಡೂ ಹತ್ತು ದಿನದೊಳಗೆ ಶುರುವಾಗಿದ್ದರೆ ಅದು ಫ್ಲೂ ತರಹದ ಕಾಯಿಲೆ. ಸಂಸ್ಥೆಯವರು ಪಾಪ ಜಿನೀವಾದಲ್ಲಿ ಕೂತು ಬರೆದದ್ದು. ವೈಟ್‌ಟಾಪಿಂಗ್ ಅಂತ ಕಾಂಕ್ರೀಟ್ ಹಾಕುವ ಕೆಲಸ ನಡೆಯುವ ರಸ್ತೆಯಲ್ಲಿ ಮನೆ ಇರುವವನು ವರ್ಷಪೂರ್ತಿ ಕೆಮ್ಮುತ್ತಾನೆ, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟಿ ಬಂದವನಿಗೆ ಮೈಕೈ ನೋವು ಇದ್ದೇ ಇರುತ್ತದೆ. ಈ ಊರಲ್ಲಿ ಕೆಮ್ಮು ಅಂದರೆ ಅಡ್ರೆಸ್ ಪ್ರೂಫ್.

ಆದರೂ ಸಮೀಕ್ಷೆಯ ಹಾಳೆಯಲ್ಲಿ ನಾವೆಲ್ಲ ಆರೋಗ್ಯವಂತರು. ಒಳಗೆ ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ಕೆಮ್ಮು ತಡೆಯುತ್ತಿರುತ್ತಾರೆ, ಬಾಗಿಲಲ್ಲಿ ಮಗ "ಎಲ್ಲ ಚೆನ್ನಾಗಿದೀವಿ ಮೇಡಂ" ಅನ್ನುತ್ತಿರುತ್ತಾನೆ. ಜಾಸ್ತಿ ಕೇಳಿದರೆ "ವೆದರ್ ಚೇಂಜ್ ಅಷ್ಟೇ". ಜನ ಸುಳ್ಳು ಹೇಳುತ್ತಾರೆ ಅಂತ ಅಧಿಕಾರಿಗಳು ಗೊಣಗುತ್ತಾರೆ. ಸುಳ್ಳು ಹೇಳುವುದನ್ನು ಕಲಿಸಿದ್ದು ಯಾರು ಸ್ವಾಮಿ?

2020 ನೆನಪಿದೆ ಅಲ್ವಾ? ಕ್ವಾರಂಟೈನ್ ಆದವರು ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ತೆಗೆದು ಸರ್ಕಾರಕ್ಕೆ ಕಳಿಸಬೇಕಿತ್ತು. ಪ್ರೇಮಿಗಳೂ ಅಷ್ಟು ಫೋಟೋ ಕೇಳುವುದಿಲ್ಲ. ಆಮೇಲೆ ಆರೋಗ್ಯ ಸೇತು ಆ್ಯಪ್. ಅದು ಕೇಳುವ ಪ್ರಶ್ನೆಗಳಿಗೆಲ್ಲ "ಇಲ್ಲ" ಒತ್ತಿದರೆ ಹಸಿರು ಬಣ್ಣ, ನೀವು ಸುರಕ್ಷಿತ. ನಿಜ ಹೇಳಿದವರ ಕೈಗೆ ಸೀಲು, ಬಾಗಿಲಿಗೆ ನೋಟಿಸು, ಅಕ್ಕಪಕ್ಕದವರ ಓರೆಗಣ್ಣು. ಆ ವರ್ಷ ಜುಲೈನಲ್ಲಿ ದೊಮ್ಮಲೂರಿನಲ್ಲಿ ಎರಡು ಫ್ಲ್ಯಾಟ್‌ಗಳ ಬಾಗಿಲಿಗೆ ತಗಡು ಹೊಡೆದು ಮುಚ್ಚಿದರು. ಒಂದರಲ್ಲಿ ಚಿಕ್ಕ ಮಕ್ಕಳಿದ್ದರು, ಇನ್ನೊಂದರಲ್ಲಿ ವಯಸ್ಸಾದ ದಂಪತಿ. ಗಲಾಟೆಯಾದ ಮೇಲೆ ತಗಡು ಕಿತ್ತರು, ಪಾಲಿಕೆ ಆಯುಕ್ತರು ಕ್ಷಮೆಯನ್ನೂ ಕೇಳಿದರು. ಆದರೆ ಕ್ಷಮೆ ಯಾರಿಗೆ ನೆನಪಿದೆ? ತಗಡು ನೆನಪಿದೆ. ಅಂದಿನಿಂದ ಈ ಊರಿಗೆ ಜ್ವರವೇ ಬಂದಿಲ್ಲ.

ಇರಲಿ, ಲೆಕ್ಕ ಹಾಕುವುದು ಗೂಗಲ್‌ಗೂ ಸಾಧ್ಯವಾಗಲಿಲ್ಲ ಬಿಡಿ. ಜನ ಏನು ಹುಡುಕುತ್ತಾರೆ ಅಂತ ನೋಡಿ ಫ್ಲೂ ಎಲ್ಲಿದೆ ಅಂತ ಹೇಳುತ್ತೇವೆ ಎಂದು 2008ರಲ್ಲಿ ಹೊರಟರು. 2012-13ರ ಚಳಿಗಾಲದಲ್ಲಿ ಅಮೆರಿಕದಲ್ಲಿ ಅವರ ಲೆಕ್ಕ ನಿಜಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟಾಯಿತು, 2015ರಲ್ಲಿ ಅಂಗಡಿ ಮುಚ್ಚಿದರು. ನಮ್ಮವರು ಜಾಸ್ತಿ ಎಣಿಸುವ ತಪ್ಪನ್ನು ಯಾವತ್ತೂ ಮಾಡಿದವರಲ್ಲ. ಆಸ್ಟ್ರೇಲಿಯಾದವರದ್ದು ಇನ್ನೂ ಪೆದ್ದುತನ. 2006ರಿಂದ ವಾರಕ್ಕೊಂದು ಇಮೇಲ್ ಕಳಿಸಿ, ಕೆಮ್ಮು ಜ್ವರ ಇದೆಯಾ ಅಂತ ಕೇಳುತ್ತಾರೆ. ಜನ ಕೆಲವೇ ಸೆಕೆಂಡಿನಲ್ಲಿ ಉತ್ತರ ಕೊಡುತ್ತಾರೆ. ತಗಡಿನ ಭಯ ಇಲ್ಲವಲ್ಲ, ಹೌದು ಅಂದರೂ ನಡೆಯುತ್ತದೆ.

ನಮ್ಮ ಸರ್ಕಾರಕ್ಕೆ ಪ್ರಶ್ನೆ ಕೇಳಲು ಬರುವುದಿಲ್ಲ ಅಂತಲ್ಲ. 2025ರ ಜಾತಿ ಸಮೀಕ್ಷೆಯಲ್ಲಿ 60 ಪ್ರಶ್ನೆ ಇದ್ದವು. ಬೆಂಗಳೂರಿನವರನ್ನು ಕೋಳಿ, ಕುರಿ, ಚಿನ್ನದ ಲೆಕ್ಕ ಕೇಳಬೇಡಿ ಅಂತ ಕೊನೆಗೆ ಉಪಮುಖ್ಯಮಂತ್ರಿಗಳೇ ಹೇಳಬೇಕಾಯಿತು. ಎರಡು ಬೆಡ್‌ರೂಮಿನ ಮನೆಯಲ್ಲಿ ಮನುಷ್ಯರಿಗೇ ಜಾಗ ಇಲ್ಲ, ಕುರಿ ಎಲ್ಲಿ ಕಟ್ಟುವುದು? ಬಾಲ್ಕನಿಯಲ್ಲಿ ಕಟ್ಟೋಣ ಅಂದರೆ ಅಸೋಸಿಯೇಷನ್‌ನವರು ಬಟ್ಟೆ ಒಣಹಾಕುವುದಕ್ಕೇ ಬಿಡುವುದಿಲ್ಲ.

ಅದೇ ವರ್ಷ ಮೇ ಕೊನೆಯಲ್ಲಿ ಇನ್ನೊಂದು ಸುತ್ತೋಲೆ. ಜ್ವರ, ಕೆಮ್ಮು, ನೆಗಡಿ ಇರುವ ಮಕ್ಕಳನ್ನು ಶಾಲೆಗೆ ಕಳಿಸಬೇಡಿ, ಬಂದರೆ ವಾಪಸ್ ಕಳಿಸಿ. ಒಳ್ಳೆಯ ಮಾತೇ. ಆದರೆ ಅಪ್ಪ ಅಮ್ಮ ಇಬ್ಬರಿಗೂ ಆಫೀಸ್ ಇದೆ, ಮಗುವಿಗಾಗಿ ರಜೆ ಕೊಡಿ ಅಂತ ಆಫೀಸುಗಳಿಗೆ ಸುತ್ತೋಲೆ ಹೋಗಿಲ್ಲ. ಹಾಗಾಗಿ ಬೆಳಿಗ್ಗೆ ಒಂದು ಚಮಚ ಪ್ಯಾರಾಸಿಟಮಾಲ್ ಸಿರಪ್ ಹಾಕಿ ಕಳಿಸುತ್ತಾರೆ. ಮಧ್ಯಾಹ್ನದವರೆಗೆ ಮಗು ತಣ್ಣಗಿರುತ್ತದೆ. ಊಟದ ಹೊತ್ತಿಗೆ ಮೈ ಸುಡುತ್ತದೆ, ಅಷ್ಟರಲ್ಲಿ ಇಡೀ ಬೆಂಚಿಗೆ ಹಂಚಿ ಆಗಿರುತ್ತದೆ.

ಊರಿನ ನಿಜವಾದ ಜ್ವರ ಗೊತ್ತಿರುವುದು ಮೂಲೆಯ ಮೆಡಿಕಲ್ ಶಾಪಿನವನಿಗೆ. ಯಾವ ಕ್ರಾಸಿಗೆ ಎಷ್ಟು ಡೋಲೋ 650 ಹೋಯಿತು ಅಂತ ಬಾಯಲ್ಲೇ ಹೇಳುತ್ತಾನೆ. ಅವನಿಗೆ ಇಡೀ ರಸ್ತೆ ಗೊತ್ತು.

ಇಷ್ಟೆಲ್ಲ ತಮಾಷೆ ಮಾಡಿದ ಮೇಲೂ ಒಂದು ವಿಷಯಕ್ಕೆ ನಗು ಬರುವುದಿಲ್ಲ. ಈ ಸಮೀಕ್ಷೆ ಮಾಡಲು ಬರುವವರಲ್ಲಿ ಜಾಸ್ತಿ ಜನ ಆಶಾ ಕಾರ್ಯಕರ್ತೆಯರು. ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ತರುವ ಹುಡುಗನಿಗೆ ಗೇಟು ತಾನೇ ತೆರೆದುಕೊಳ್ಳುತ್ತದೆ. ಇವರನ್ನು ಸೆಕ್ಯೂರಿಟಿಯವರು ನಿಲ್ಲಿಸಿ ಯಾರು, ಎಲ್ಲಿಂದ, ಯಾಕೆ ಅಂತ ಬರೆಸಿಕೊಳ್ಳುತ್ತಾರೆ. ಲಿಫ್ಟಿನಲ್ಲಿ ಮೂಗು ಮುಚ್ಚಿಕೊಂಡು ದೂರ ನಿಲ್ಲುವ ಮಹಾನುಭಾವರೂ ಇದ್ದಾರೆ. 2025ರ ಜನವರಿಯಲ್ಲಿ ಇದೇ ಹೆಂಗಸರು ತಿಂಗಳಿಗೆ 15 ಸಾವಿರ ಕೊಡಿ ಅಂತ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲು ರಾತ್ರಿ ಕೂತರು. 10 ಸಾವಿರ ಕೊಡುತ್ತೇವೆ ಅಂದರು ಸರ್ಕಾರದವರು. ಮಾತು ಉಳಿಸಿಕೊಳ್ಳಿ ಅಂತ ಆಗಸ್ಟ್‌ನಲ್ಲಿ ಮತ್ತೆ ಬೀದಿಗೆ ಬರಬೇಕಾಯಿತು. ಮಳೆ ನಿಲ್ಲುವ ಮೊದಲು ಊರೆಲ್ಲ ಸುತ್ತಿ ಲೆಕ್ಕ ತರಬೇಕು ಅವರು. ಅವರ ದುಡ್ಡಿನ ಲೆಕ್ಕಕ್ಕೆ ಮಾತ್ರ ಯಾವ ಗಡುವೂ ಇಲ್ಲ. ಥೂ.