ಹೊರಗೆ ಹೋಗುವ ಬಾಗಿಲು

ನಮ್ಮ ಬಂಧುಬಳಗದಲ್ಲಿ ಕಂಪ್ಯೂಟರಿನ ಮುಂದೆ ಹೆಚ್ಚು ಹೊತ್ತು ಕೂರುವವನು ನಾನೊಬ್ಬನೇ ಆದುದರಿಂದ, ಯಾರು ವೆಬ್‌ಸೈಟ್ ಮಾಡಿಸಹೊರಟರೂ ‘ಡೊಮೇನ್, ಅಂದರೆ ತಾಣದ ವಿಳಾಸವಾಗುವ ಹೆಸರು, ಯಾರ ಹತ್ತಿರ ತೆಗೆದುಕೊಳ್ಳಲಿ?’ ಎಂಬ ಪ್ರಶ್ನೆ ನನ್ನ ಪಾಲಿಗೇ ಬರುತ್ತದೆ. ಮುಂದೊಂದು ದಿನ ಅವರನ್ನು ಬಿಡಬೇಕಾಗಿ ಬಂದರೆ ಹೇಗೆ ಬಿಡುತ್ತೀರಿ ಎಂದು ನಾನು ತಿರುಗಿ ಕೇಳುತ್ತೇನೆ. ಮದುವೆಯ ಮಾತುಕತೆಯ ನಡುವೆ ವಿಚ್ಛೇದನದ ವಿಷಯ ಎತ್ತಿದವನನ್ನು ನೋಡುವಂತೆ ಅವರು ನನ್ನನ್ನು ನೋಡುತ್ತಾರೆ.

ಈ ಹೆಸರುಗಳನ್ನು ನೋಂದಾಯಿಸಿಕೊಡುವ ರಿಜಿಸ್ಟ್ರಾರ್‌ಗಳ ತಾಣದಲ್ಲಿ ಒಳಗೆ ಬರುವ ಬಾಗಿಲು ಯಾವಾಗಲೂ ವಿಶಾಲವಾಗಿಯೇ ಇರುತ್ತದೆ. ಬೇಕಾದ ಹೆಸರನ್ನು ಟೈಪಿಸಿದ ಕೂಡಲೇ ‘ಅಭಿನಂದನೆಗಳು, ಈ ಹೆಸರು ಲಭ್ಯವಿದೆ’ ಎಂಬ ಹಸಿರು ಅಕ್ಷರಗಳು ಮೂಡುತ್ತವೆ. ಪಕ್ಕದಲ್ಲೇ ಮೊದಲ ವರ್ಷದ ಬೆಲೆ ದಪ್ಪ ಅಂಕಿಗಳಲ್ಲಿರುತ್ತದೆ. ಎರಡನೆಯ ವರ್ಷದಿಂದ ಎಷ್ಟು ಎಂಬುದು ಮಾತ್ರ ಅದರ ಕೆಳಗೆ, ಕನ್ನಡಕ ಒರೆಸಿಕೊಂಡು ಓದಬೇಕಾದಷ್ಟು ಸಣ್ಣ ಬೂದು ಅಕ್ಷರಗಳಲ್ಲಿ ಬಹಳ ಸಂಕೋಚದಿಂದ ಕುಳಿತಿರುತ್ತದೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಲೆಕ್ಕಾಚಾರ ಅವರದು: ಹೆಸರನ್ನು ಬೋರ್ಡಿನ ಮೇಲೂ ವಿಸಿಟಿಂಗ್ ಕಾರ್ಡಿನ ಮೇಲೂ ಹಾಕಿಸಿಕೊಂಡವನು ಮರುವರ್ಷ ಕೇಳಿದಷ್ಟು ಕಟ್ಟದೆ ಎಲ್ಲಿಗೆ ಹೋದಾನು? ಹಣ ಕಟ್ಟುವ ಪುಟಕ್ಕೆ ಬರುವಷ್ಟರಲ್ಲಿ ಬುಟ್ಟಿಯೊಳಗೆ ಹೋಸ್ಟಿಂಗ್, ಇಮೇಲ್, ಸುರಕ್ಷತಾ ಪ್ಯಾಕೇಜು ಎಂದು ನಾವು ಕೇಳದ ಸಾಮಾನುಗಳೆಲ್ಲ ಬಂದು ಸೇರಿರುತ್ತವೆ, ಪ್ರತಿಯೊಂದರ ಮುಂದೆಯೂ ಸರಿ ಗುರುತನ್ನು ಅವರೇ ಹಾಕಿಟ್ಟಿರುತ್ತಾರೆ. ನಮ್ಮ ವಿಳಾಸ ಮತ್ತು ದೂರವಾಣಿ ಸಂಖ್ಯೆಯನ್ನು ಸಾರ್ವಜನಿಕರ ಕಣ್ಣಿನಿಂದ ಮರೆಮಾಡುವ ಸೇವೆಯನ್ನು ಕೆಲವರು ಪುಕ್ಕಟೆಯಾಗಿ ಕೊಡುತ್ತಾರೆ. ಅದಕ್ಕೂ ವರ್ಷವರ್ಷ ಹಣ ಕೇಳುವವರನ್ನು ನಾನಂತೂ ಅಲ್ಲಿಂದಲೇ ಬಿಟ್ಟುಬಿಡುತ್ತೇನೆ.

ಈ ಸಂಭ್ರಮದ ಹಿಂದಿರುವ ಸರಕು ಎಲ್ಲರಲ್ಲೂ ಒಂದೇ. ಡಾಟ್ ಕಾಮ್ ಹೆಸರುಗಳ ಮೂಲ ಕಡತವಿರುವುದು ವೆರಿಸೈನ್ ಎಂಬ ಸಂಸ್ಥೆಯ ಬಳಿ. ಅಂತರಜಾಲದ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳಲು 1998ರಲ್ಲಿ ಸ್ಥಾಪನೆಯಾದ ಐಕ್ಯಾನ್ ಎಂಬ ಸಂಸ್ಥೆಯಿಂದ ಮಾನ್ಯತೆ ಪಡೆದ ರಿಜಿಸ್ಟ್ರಾರ್‌ಗಳೆಲ್ಲರೂ ಅದೇ ಕಡತದಲ್ಲಿ ನಮ್ಮ ಹೆಸರನ್ನು ಬರೆಸಿಕೊಡುವವರು. ಅದೂ ಒಂದು ಸಲಕ್ಕೆ ಹೆಚ್ಚೆಂದರೆ 10 ವರ್ಷಕ್ಕೆ. ‘ಕೊಳ್ಳಿರಿ’ ಎಂಬ ಗುಂಡಿಯನ್ನು ಒತ್ತಿದವರಿಗೆ ದಕ್ಕುವುದು ಬಾಡಿಗೆದಾರನ ಹಕ್ಕು ಮಾತ್ರ. ಹಾಗಾಗಿ ರಿಜಿಸ್ಟ್ರಾರ್‌ಗಳ ನಡುವೆ ನಿಜವಾದ ವ್ಯತ್ಯಾಸವಿರುವುದು ನಡವಳಿಕೆಯಲ್ಲಿ, ಮತ್ತು ಆ ನಡವಳಿಕೆ ಬಯಲಾಗುವುದು ನಾವು ಹೊರಟು ನಿಂತಾಗ.

ನಾನು ಹೊರಟು ನಿಂತ ಕಥೆಯನ್ನೇ ಕೇಳಿ. ಬೇರೆ ರಿಜಿಸ್ಟ್ರಾರ್‌ಗೆ ಹೋಗಲು ಆಥ್ ಕೋಡ್ ಎಂಬ ಗುಪ್ತ ಸಂಕೇತ ಬೇಕು. ಕೇಳಿದ 5 ದಿನಗಳೊಳಗೆ ಅದನ್ನು ಕೊಡಬೇಕೆಂಬುದು ಐಕ್ಯಾನ್‌ನ ನಿಯಮ. ನನ್ನ ರಿಜಿಸ್ಟ್ರಾರ್‌ನವರು ಕೊಡುವುದಿಲ್ಲ ಎನ್ನಲಿಲ್ಲ. ಫೋನಿನಲ್ಲಿ ಸಿಕ್ಕ ಸಿಬ್ಬಂದಿ ಬಹಳ ವಿನಯದಿಂದ, ‘ಸರ್, ದಾಖಲೆಯಲ್ಲಿರುವುದು ನಿಮ್ಮ ಹಳೆಯ ಇಮೇಲ್, ಕೋಡ್ ಅಲ್ಲಿಗೇ ಹೋಗಿಬಿಡುತ್ತದೆ, ಮೊದಲು ಅದನ್ನು ಬದಲಾಯಿಸಿಕೊಂಡುಬಿಡಿ’ ಎಂದರು. ಬದಲಾಯಿಸಿದೆ. ಹಳೆಯ ವಿಳಾಸಕ್ಕೊಂದು, ಹೊಸ ವಿಳಾಸಕ್ಕೊಂದು ಒಪ್ಪಿಗೆ ಪತ್ರ ಬಂದವು. ಎರಡರಲ್ಲೂ ಒಪ್ಪಿಗೆ ಒತ್ತಿದೆ. ಮತ್ತೆ ಫೋನು ಮಾಡಿದರೆ ಅದೇ ಧ್ವನಿ, ಅದೇ ವಿನಯ: ‘ನೋಂದಣಿದಾರರ ಇಮೇಲ್ ಬದಲಾಗಿದೆಯಲ್ಲ ಸರ್, ಇನ್ನು 60 ದಿನ ವರ್ಗಾವಣೆಗೆ ಬೀಗ. ನಿಯಮ ನಮ್ಮದಲ್ಲ, ಐಕ್ಯಾನ್‌ನದು.’ ಮಾತು ಸುಳ್ಳಲ್ಲ; ಕಳ್ಳರು ಖಾತೆಯೊಳಗೆ ನುಗ್ಗಿ ಹೆಸರನ್ನು ಹೊತ್ತೊಯ್ಯಬಾರದೆಂದೇ ಆ ಬೀಗವನ್ನು ಮಾಡಿದ್ದು. ಆದರೆ ಆ 60 ದಿನಗಳ ನಡುವೆಯೇ ನವೀಕರಣದ ದಿನವೂ ಬಂದು, ಯಾರನ್ನು ಬಿಡಬೇಕೆಂದಿದ್ದೆನೋ ಅವರಿಗೇ ಇನ್ನೊಂದು ವರ್ಷದ ಹಣ ಕಟ್ಟಿದೆ. ರಸೀದಿಯ ಕೊನೆಯಲ್ಲಿ ‘ನಮ್ಮ ಮೇಲೆ ವಿಶ್ವಾಸವಿಟ್ಟಿದ್ದಕ್ಕೆ ಧನ್ಯವಾದಗಳು’ ಎಂದಿತ್ತು.

ನವೀಕರಣದ್ದು ಇನ್ನೊಂದು ಪುರಾಣ. ಅವಧಿ ಮುಗಿಯುವ ಸುಮಾರು ಒಂದು ತಿಂಗಳ ಮೊದಲು, ಒಂದು ವಾರದ ಮೊದಲು, ಮುಗಿದ 5 ದಿನಗಳೊಳಗೆ ಹೀಗೆ ನೆನಪೋಲೆ ಕಳುಹಿಸುವುದು ರಿಜಿಸ್ಟ್ರಾರ್‌ಗಳಿಗೆ ಕಡ್ಡಾಯ. ನನ್ನ ಷಡ್ಡಕರೊಬ್ಬರು ತಮ್ಮ ಸಂಪರ್ಕಕ್ಕೆಂದು ಕೊಟ್ಟಿದ್ದ ಇಮೇಲ್ ಅದೇ ಡೊಮೇನಿನದಾಗಿತ್ತು. ಹೆಸರಿನ ಅವಧಿ ಮುಗಿಯಿತು, ಅದರೊಂದಿಗೆ ಇಮೇಲೂ ನಿಂತಿತು, ‘ನಿಮ್ಮ ಅವಧಿ ಮುಗಿದಿದೆ’ ಎಂಬ ಕೊನೆಯ ಪತ್ರ ಮುಚ್ಚಿಹೋದ ಅದೇ ಪೆಟ್ಟಿಗೆಯ ಕಡೆಗೆ ಹೊರಟಿತು. ಡಾಟ್ ಕಾಮ್ ಹೆಸರನ್ನು ರಿಜಿಸ್ಟ್ರಾರ್ ಅಳಿಸಿದ ಮೇಲೂ 30 ದಿನ ಬಿಡಿಸಿಕೊಳ್ಳಲು ಅವಕಾಶವುಂಟು, ಆದರೆ ಆಗ ಕೇಳುವ ದಂಡ ನವೀಕರಣದ ಶುಲ್ಕವನ್ನು ನಾಚಿಸುವಂತಿರುತ್ತದೆ. ಷಡ್ಡಕರನ್ನು ಸಮಾಧಾನಪಡಿಸಲು ನಾನು ಮೈಕ್ರೋಸಾಫ್ಟ್‌ನ ಉದಾಹರಣೆ ಕೊಟ್ಟೆ: 1999ರ ಕ್ರಿಸ್‌ಮಸ್ ಹೊತ್ತಿಗೆ ಆ ಕಂಪನಿ ಪಾಸ್‌ಪೋರ್ಟ್ ಡಾಟ್ ಕಾಮ್ ಎಂಬ ತನ್ನ ಹೆಸರನ್ನು ನವೀಕರಿಸಲು ಮರೆತು, ಅದರ ಮೂಲಕವೇ ಲಾಗಿನ್ ಆಗಬೇಕಿದ್ದ ಹಾಟ್‌ಮೇಲ್ ಇಮೇಲ್ ಬಳಕೆದಾರರು ಒಳಗೆ ಹೋಗಲಾಗದೆ ಪರದಾಡುತ್ತಿದ್ದಾಗ, ಸಂಬಂಧವೇ ಇಲ್ಲದ ಪ್ರೋಗ್ರಾಮರ್ ಒಬ್ಬ ತನ್ನ ಕೈಯಿಂದ ಶುಲ್ಕ ಕಟ್ಟಿ ಪುಣ್ಯ ಕಟ್ಟಿಕೊಂಡಿದ್ದ. ‘ನನ್ನದನ್ನು ಯಾರೂ ಕಟ್ಟಲಿಲ್ಲವಲ್ಲ’ ಎಂದರು ಷಡ್ಡಕರು.

ದೊಡ್ಡ ಹೆಸರಿನವರಾದರೆ ಭಯವಿಲ್ಲ ಎನ್ನುವವರೂ ಇದ್ದಾರೆ. 2023ರಲ್ಲಿ ಗೂಗಲ್ ತನ್ನ ಡೊಮೇನ್ ವ್ಯವಹಾರವನ್ನೇ ಸ್ಕ್ವೇರ್‌ಸ್ಪೇಸ್ ಎಂಬ ಕಂಪನಿಗೆ ಮಾರಿತು. ಗ್ರಾಹಕರು ಕುಳಿತಲ್ಲೇ ಬೇರೆಯವರ ಗ್ರಾಹಕರಾದರು. ಆದುದರಿಂದ ನಾನು ಹೇಳುವುದಿಷ್ಟೇ: ನೋಂದಣಿ ಡಿಸೈನರ್ ಹುಡುಗನ ಹೆಸರಿನಲ್ಲಲ್ಲದೆ ನಿಮ್ಮ ಹೆಸರಿನಲ್ಲೇ ಇರಲಿ, ನವೀಕರಣದ ಬೆಲೆಯನ್ನು ಮೊದಲೇ ಓದಿ, ಮತ್ತು ಹಣ ಕಟ್ಟುವ ಮುನ್ನ ಬಿಟ್ಟುಹೋಗುವುದು ಹೇಗೆಂದು ಅವರನ್ನೇ ಕೇಳಿ.

ನನ್ನ ನಾದಿನಿ ಈ ಮಾತನ್ನು ಅಕ್ಷರಶಃ ಪಾಲಿಸಿದಳು. ರಿಜಿಸ್ಟ್ರಾರ್ ಒಬ್ಬರ ಚಾಟ್ ಕಿಟಕಿಯಲ್ಲಿ ‘ನಿಮ್ಮನ್ನು ಬಿಟ್ಟುಹೋಗುವುದು ಹೇಗೆ?’ ಎಂದು ಬರೆದಾಗ ಅತ್ತಲಿನ ಯಂತ್ರ ಬಹಳ ನೊಂದುಕೊಂಡು, ಇಷ್ಟು ವರ್ಷಗಳ ಬಾಂಧವ್ಯವನ್ನು ದಯವಿಟ್ಟು ಕಡಿದುಕೊಳ್ಳಬೇಡಿ ಎಂದು ಬೇಡಿಕೊಂಡಿತಂತೆ. ಅವಳು ಇನ್ನೂ ಅಲ್ಲಿ ಖಾತೆಯನ್ನೇ ತೆರೆದಿರಲಿಲ್ಲ.