ರ, ಗ, ಸ, ದ, ಅ

ಒಂದನೇ ತರಗತಿಯ ಮಗುವಿಗೆ ಮೊದಲು ಯಾವ ಅಕ್ಷರ ಕಲಿಸಬೇಕು?

ಅ, ಆ, ಇ, ಈ ಅಂತ ನೀವು ಹೇಳಬಹುದು. ನಾನೂ ಹಾಗೇ ಕಲಿತವಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಾಗೇ ಕಲಿಸಿದೆ ಕೂಡ. 'ಈ' ತಿದ್ದುವಷ್ಟರಲ್ಲಿ ಅರ್ಧ ಮಕ್ಕಳ ಸ್ಲೇಟೂ ಒದ್ದೆ, ಕಣ್ಣೂ ಒದ್ದೆ. 'ಋ' ಬಂದ ಮಾರನೇ ದಿನ ಇಬ್ಬರು ಮೂವರು ಶಾಲೆಗೇ ಬರುತ್ತಿರಲಿಲ್ಲ.

ಆಮೇಲೆ ನಲಿ-ಕಲಿ ಅನ್ನುವ ಕಲಿಕೆಯ ವಿಧಾನ ಬಂತು. ಅದರಲ್ಲಿ ಮೊದಲ ಅಕ್ಷರ ಅ ಅಲ್ಲ, ರ. ಆಮೇಲೆ ಗ, ಸ, ದ, ಅ. ಸರ್ಕಾರಿ ಶಾಲೆಯ ಯಾವ ಮಿಸ್ಸನ್ನು ಕೇಳಿದರೂ 'ರಗಸದಅ' ಅಂತ ಒಂದೇ ಉಸಿರಿಗೆ ಹೇಳುತ್ತಾರೆ. ಐದೇ ಅಕ್ಷರ. ದೀರ್ಘ ಇಲ್ಲ, ಕೊಂಬಿಲ್ಲ, ಒತ್ತಿಲ್ಲ. ಬರೆಯಲು ಸುಲಭ. ರ ತಿದ್ದಿದ ಕೈಗೆ ಸ ಕಷ್ಟವಲ್ಲ. ಅಷ್ಟರಲ್ಲೇ ಮಗು ಸರ ಓದುತ್ತದೆ. ಅರಸ, ಅಗಸ, ಗರಗಸ ಓದುತ್ತದೆ. ದಸರ ಓದುತ್ತದೆ! ಶಾಲೆಗೆ ಸೇರಿದ ಕೆಲವೇ ದಿನಗಳಲ್ಲಿ ಮಗು ಪದ ಓದುತ್ತದೆ ಅಂದರೆ ಅದರ ಖುಷಿ ಏನು ಅಂತ ನೋಡಿದವರಿಗೇ ಗೊತ್ತು. ಮರ ಕೊಯ್ಯುವವರ ಮಗ ಒಬ್ಬ ನನ್ನ ತರಗತಿಯಲ್ಲಿದ್ದ. 'ಗರಗಸ' ಓದಿದ ದಿನ ಚಾಪೆಯಿಂದ ಎದ್ದು ನಿಂತು, "ಮಿಸ್, ಇದು ನಮ್ಮಟ್ಟೀಲೂ ಅದೆ" ಅಂದ. ಆ ಮುಖ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಈ ನಲಿ-ಕಲಿ ಹುಟ್ಟಿದ್ದು ದೆಹಲಿಯಲ್ಲಿ ಅಲ್ಲ. ಬೆಂಗಳೂರಿನಲ್ಲೂ ಅಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದರು. ವಾಪಸ್ ಬಂದು ತಾವೇ ಕೂತು ಕನ್ನಡಕ್ಕೆ ಒಗ್ಗುವ ಹಾಗೆ ಕಾರ್ಡ್ ಮಾಡಿದರು, ಕಲಿಕಾ ಏಣಿ ಮಾಡಿದರು. ಎಚ್.ಡಿ. ಕೋಟೆಯ ಕಡೆ ಕಾಡಂಚಿನಲ್ಲಿ ಆದಿವಾಸಿಗಳ ಹಾಡಿಗಳಿವೆ. ಕಾಫಿ ಕೊಯ್ಲು ಬಂದರೆ ಅಪ್ಪ ಅಮ್ಮ ಕೊಡಗಿಗೆ ಹೋಗುತ್ತಾರೆ, ಮಕ್ಕಳೂ ಜೊತೆಗೆ ಹೋಗುತ್ತವೆ. ತಿಂಗಳು ಬಿಟ್ಟು ಬಂದ ಮಗುವಿಗೆ ಪಾಠ ಎಲ್ಲಿಗೆ ಹೋಗಿದೆ ಅಂತಲೇ ತಿಳಿಯುವುದಿಲ್ಲ. ಏಣಿ ಇದ್ದರೆ ಹಾಗಲ್ಲ. ಮಗು ಯಾವ ಮೆಟ್ಟಿಲಲ್ಲಿ ಬಿಟ್ಟು ಹೋಗಿತ್ತೋ ಅಲ್ಲಿಂದಲೇ ಕಾರ್ಡ್ ತೆಗೆದುಕೊಂಡು ಮುಂದಕ್ಕೆ ಹೋಗುತ್ತದೆ. ಹಿಂದುಳಿದೆ ಅನ್ನುವ ಅವಮಾನ ಇಲ್ಲ.

ಕಾಫಿ ಕೊಯ್ಲು ಯಾವ ತಿಂಗಳು, ಯಾವ ಮಗು ಯಾವಾಗ ಹೋಗುತ್ತದೆ, ಕನ್ನಡದ ಯಾವ ಅಕ್ಷರ ಐದು ವರ್ಷದ ಬೆರಳಿಗೆ ಸುಲಭ... ಇದೆಲ್ಲ ಗೊತ್ತಿರುವುದು ಆ ಮಕ್ಕಳ ಜೊತೆ ಚಾಪೆ ಮೇಲೆ ಕೂತವರಿಗೆ. ಹತ್ತು ಹದಿನೈದು ವರ್ಷದಲ್ಲಿ ನಲಿ-ಕಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಒಂದು ತಾಲ್ಲೂಕಿನಿಂದ ರಾಜ್ಯಕ್ಕೆ. ಕೆಳಗಿನಿಂದ ಮೇಲಕ್ಕೆ.

ಇದನ್ನು ಇಷ್ಟು ಉದ್ದಕ್ಕೆ ಹೇಳಿದ್ದು ಯಾಕೆಂದರೆ, ಈಗ ಎಲ್ಲ ಮೇಲಿನಿಂದ ಕೆಳಕ್ಕೆ ಬರುತ್ತಿದೆ. ದೇಶಕ್ಕೆಲ್ಲ ಒಂದೇ ನೀತಿ, ಒಂದೇ ಪರೀಕ್ಷೆ, ಮಗುವಿಗೊಂದು ರಾಷ್ಟ್ರೀಯ ನಂಬರು. ಇದನ್ನು ವಿರೋಧಿಸಿದರೆ ರಾಜಕೀಯ ಮಾಡಬೇಡಿ ಮೇಡಂ ಅನ್ನುತ್ತಾರೆ. ಆದರೆ ನಮ್ಮ ಶಾಲೆಗಳು ದೆಹಲಿಯ ಕೈಗೆ ಹೋಗಿದ್ದೇ ರಾಜಕೀಯದಿಂದ ಅಲ್ವಾ?

ಸಂವಿಧಾನ ಬಂದಾಗ ಶಾಲಾ ಶಿಕ್ಷಣ ರಾಜ್ಯ ಪಟ್ಟಿಯಲ್ಲಿತ್ತು, ಅಂದರೆ ಅದರ ಕಾನೂನು ಮಾಡುವುದು ರಾಜ್ಯಗಳ ಕೆಲಸ. 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ, ವಿರೋಧ ಪಕ್ಷದ ನಾಯಕರು ಜೈಲಿನಲ್ಲಿದ್ದಾಗ, 42ನೇ ತಿದ್ದುಪಡಿ ಮಾಡಿ ಅದನ್ನು ಸಮವರ್ತಿ ಪಟ್ಟಿಗೆ ಹಾಕಿದರು. ಸಮವರ್ತಿ ಅಂದರೆ ಇಬ್ಬರಿಗೂ ಸೇರಿದ್ದು ಅಂತ ಹೆಸರು. ಆದರೆ ಇಬ್ಬರ ಕಾನೂನಿಗೂ ತಿಕ್ಕಾಟ ಬಂದರೆ ಸಾಮಾನ್ಯವಾಗಿ ಗೆಲ್ಲುವುದು ಕೇಂದ್ರದ ಕಾನೂನೇ. ಜನತಾ ಸರ್ಕಾರ ಬಂದ ಮೇಲೆ 44ನೇ ತಿದ್ದುಪಡಿಯ ಹೊತ್ತಿನಲ್ಲಿ ಇದನ್ನು ರಾಜ್ಯಗಳಿಗೆ ವಾಪಸ್ ಕೊಡುವ ಪ್ರಯತ್ನ ನಡೆಯಿತು. ಲೋಕಸಭೆ ಒಪ್ಪಿತು, ರಾಜ್ಯಸಭೆಯಲ್ಲಿ ಬಿದ್ದುಹೋಯಿತು. ರಾಜ್ಯಗಳನ್ನು ಪ್ರತಿನಿಧಿಸಬೇಕಾದ ಸಭೆಯಲ್ಲೇ! ಅಲ್ಲಿಂದ ಇಲ್ಲಿಯವರೆಗೆ ಎಷ್ಟೋ ಪಕ್ಷಗಳು ದೆಹಲಿಯಲ್ಲಿ ಆಳಿವೆ. ಕೈಗೆ ಬಂದದ್ದನ್ನು ಯಾರೂ ಬಿಟ್ಟುಕೊಡಲಿಲ್ಲ.

ಈಗಿನ ಎನ್‌ಇಪಿ ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ 2020ರಲ್ಲಿ ಬಂತು. ಅದರಲ್ಲಿ ಒಳ್ಳೆಯ ಮಾತುಗಳಿಲ್ಲ ಅಂತ ನಾನು ಹೇಳುವುದಿಲ್ಲ. ಸಾಧ್ಯವಾದ ಕಡೆ ಐದನೇ ತರಗತಿವರೆಗೆ ಮಾತೃಭಾಷೆಯಲ್ಲಿ ಕಲಿಸಿ ಅನ್ನುತ್ತದೆ, ಅದನ್ನು ನಾನು ಎರಡೂ ಕೈ ಎತ್ತಿ ಒಪ್ಪುತ್ತೇನೆ. ಆದರೆ ಅದು ಕಾನೂನಲ್ಲ, ನೀತಿ. ರಾಜ್ಯಗಳು ಒಪ್ಪಲೇಬೇಕು ಅಂತ ಇಲ್ಲ. ಹಾಗಾದರೆ ಒಪ್ಪಿಸುವುದು ಹೇಗೆ? ದುಡ್ಡಿನಿಂದ. ಆಯ್ದ ಶಾಲೆಗಳನ್ನು ಮಾದರಿ ಶಾಲೆ ಮಾಡುವ ಕೇಂದ್ರದ ಪಿಎಂ ಶ್ರೀ ಯೋಜನೆಗೆ ಸಹಿ ಹಾಕಿದರೆ ಎನ್‌ಇಪಿಯನ್ನೂ ಒಪ್ಪಿದ ಹಾಗೆ. ತಮಿಳುನಾಡು ಸಹಿ ಹಾಕಲಿಲ್ಲ. ಶಾಲೆಗಳಿಗೆ ಕೇಂದ್ರ ಕೊಡುವ ಸಮಗ್ರ ಶಿಕ್ಷಣ ಯೋಜನೆಯ 2024-25ರ ಹಣ, 2,000 ಕೋಟಿಗೂ ಮೇಲೆ, ನಿಂತುಹೋಯಿತು. 2025ರಲ್ಲಿ ಆ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಆ ಹಣ ಯಾರದ್ದು? ಅಲ್ಲಿನ ಜನ ಕಟ್ಟಿದ ತೆರಿಗೆಯೂ ಅದರಲ್ಲಿದೆ. ಅದರಿಂದ ನಡೆಯಬೇಕಾದದ್ದು ಮಕ್ಕಳ ಶಾಲೆ. ಸಹಿ ಹಾಕದ ಸರ್ಕಾರಕ್ಕೆ ಬುದ್ಧಿ ಕಲಿಸಲು ಮಗುವಿನ ಕೈಯಿಂದ ಕಿತ್ತುಕೊಳ್ಳುವುದು ಯಾವ ನ್ಯಾಯ?

ಇದು ನಮ್ಮಲ್ಲಿ ಮಾತ್ರ ಇರುವ ಜಗಳ ಅಂದುಕೊಂಡಿದ್ದೆ. 2015ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿರುವ ನನ್ನ ಅಕ್ಕನ ಮಗಳು ಫೋನ್ ಮಾಡಿ, "ಚಿಕ್ಕಮ್ಮಾ, ಇಲ್ಲಿ ಅಪ್ಪ ಅಮ್ಮಂದಿರೇ ಮಕ್ಕಳಿಗೆ ಪರೀಕ್ಷೆ ಬರೆಸ್ತಿಲ್ಲ" ಅಂದಳು. ನನಗೆ ಆಶ್ಚರ್ಯ. ಆಮೇಲೆ ಕೂತು ಓದಿದೆ. ಅಮೆರಿಕದಲ್ಲಿ ಶಾಲೆ ಯಾವತ್ತೂ ರಾಜ್ಯ ಮತ್ತು ಊರಿನ ವಿಷಯ. ಶಾಲೆಗಳ ಖರ್ಚಿನಲ್ಲಿ ಕೇಂದ್ರ ಕೊಡುವುದು ಸುಮಾರು ಹತ್ತನೇ ಒಂದು ಪಾಲು. 2010ರಲ್ಲಿ 'ಕಾಮನ್ ಕೋರ್' ಅಂತ ಇಂಗ್ಲಿಷ್ ಮತ್ತು ಗಣಿತಕ್ಕೆ ಒಂದೇ ಮಾನದಂಡ ತಂದರು. ತಯಾರು ಮಾಡಿಸಿದ್ದು ರಾಜ್ಯಗಳ ಗವರ್ನರುಗಳ ಮತ್ತು ಶಿಕ್ಷಣ ಮುಖ್ಯಸ್ಥರ ಸಂಘಗಳೇ. ಆದರೆ ಕೇಂದ್ರ ಅದೇ ಹೊತ್ತಿಗೆ 435 ಕೋಟಿ ಡಾಲರಿನ ಸ್ಪರ್ಧೆ ಇಟ್ಟಿತು. ಹಲವು ರಾಜ್ಯಗಳು ಸೇರಿ ಮಾಡಿದ ಮಾನದಂಡ ಒಪ್ಪಿದರೆ ಅಂಕ ಜಾಸ್ತಿ. ಆರ್ಥಿಕ ಹಿಂಜರಿತದಲ್ಲಿ ಬೊಕ್ಕಸ ಖಾಲಿಯಾಗಿದ್ದ ರಾಜ್ಯಗಳು ಸಾಲಾಗಿ ಒಪ್ಪಿಕೊಂಡವು. ಹತ್ತಿರ ಹತ್ತಿರ 45 ರಾಜ್ಯಗಳು.

ಆಮೇಲೆ ಜನ ತಿರುಗಿಬಿದ್ದರು. ಕೇಂದ್ರ ನಮ್ಮ ಶಾಲೆಗೆ ಕೈ ಹಾಕಬಾರದು ಅಂತ ರಿಪಬ್ಲಿಕನ್ನರು ಒಂದು ಕಡೆ, ಆ ಮಾನದಂಡದ ಪರೀಕ್ಷೆಯ ಅಂಕ ಹಿಡಿದು ನಮ್ಮನ್ನು ಅಳೆಯಬೇಡಿ ಅಂತ ಶಿಕ್ಷಕರ ಸಂಘಗಳು ಇನ್ನೊಂದು ಕಡೆ. 2014ರಲ್ಲಿ ಇಂಡಿಯಾನಾ ಮೊದಲು ಹೊರಗೆ ಬಂತು. 2015ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಐದರಲ್ಲಿ ಒಂದು ಮಗು ಪರೀಕ್ಷೆಗೆ ಕೂರಲಿಲ್ಲ. ಆ ವರ್ಷದ ಕೊನೆಗೆ ಎರಡೂ ಪಕ್ಷ ಸೇರಿ ಕಾನೂನು ಮಾಡಿ, ಯಾವ ಮಾನದಂಡ ಅನ್ನುವುದನ್ನು ಕೇಂದ್ರ ರಾಜ್ಯಗಳ ಮೇಲೆ ಹೇರುವ ಹಾಗಿಲ್ಲ ಅಂತ ಬರೆದವು. ಅಲ್ಲಿನ ಬಲಪಂಥದವರ ಬಾಯಲ್ಲಿ ಬಂದ ಮಾತನ್ನೇ ಇಲ್ಲಿ ಆಡಿದರೆ ದೇಶ ಒಡೆಯುವವರು ಅನ್ನಿಸಿಕೊಳ್ಳಬೇಕಾಗಿದೆ. ಇದು ನನಗೆ ತುಂಬಾ ನೋವು ಕೊಡುತ್ತದೆ.

ಹಾಗಂತ ದೇಶಕ್ಕೊಂದು ನಿಯಮವೇ ಬೇಡ ಅನ್ನುವವಳಲ್ಲ ನಾನು. ಶಿಕ್ಷಣ ಹಕ್ಕು ಕಾಯ್ದೆ ದೇಶದ್ದೇ. 2001ರಲ್ಲಿ ಸುಪ್ರೀಂ ಕೋರ್ಟು ಶಾಲೆಯಲ್ಲಿ ಬಿಸಿಯೂಟ ಕೊಡಿ ಅಂದದ್ದು ಎಲ್ಲ ರಾಜ್ಯಗಳಿಗೂ. ಮಧ್ಯಾಹ್ನ ತಟ್ಟೆ ಹಿಡಿದು ಸಾಲಲ್ಲಿ ನಿಂತ ಮಕ್ಕಳನ್ನು ನೋಡಿದಾಗಲೆಲ್ಲ ಆ ಕೋರ್ಟಿಗೆ ಮನಸ್ಸಿನಲ್ಲೇ ಕೈ ಮುಗಿದಿದ್ದೇನೆ. ಕೊಠಡಿ ಇರಬೇಕು, ಶೌಚಾಲಯ ಇರಬೇಕು, ಇಷ್ಟು ಮಕ್ಕಳಿಗೆ ಒಬ್ಬ ಮೇಷ್ಟ್ರು ಇರಬೇಕು. ಇದಕ್ಕೆ ದೇಶಕ್ಕೆಲ್ಲ ಒಂದೇ ನಿಯಮ ಇರಲಿ, ಕೇಂದ್ರ ದುಡ್ಡೂ ಕೊಡಲಿ. ಆದರೆ ಮೊದಲು ರ ಕಲಿಸಬೇಕಾ, ಅ ಕಲಿಸಬೇಕಾ? ಎಷ್ಟು ಭಾಷೆ ಕಲಿಸಬೇಕು? ನಮ್ಮ ಮಕ್ಕಳು ಡಾಕ್ಟರ್ ಆಗಲು ಯಾವ ಪರೀಕ್ಷೆ ಬರೆಯಬೇಕು? ಇದನ್ನು ಇಲ್ಲಿನವರು ತೀರ್ಮಾನ ಮಾಡಲಿ. 1994ರಿಂದ ನಮ್ಮದೇ ಸಿಇಟಿ ಇತ್ತು. ನಮ್ಮ ಪಿಯುಸಿ ಪಾಠ ಓದಿದ ಮಗು ಬರೆಯುತ್ತಿದ್ದ ಪರೀಕ್ಷೆ ಅದು. ವೈದ್ಯಕೀಯಕ್ಕೆ ದೇಶಕ್ಕೆಲ್ಲ ಒಂದೇ ಪರೀಕ್ಷೆ ಅಂತ ನೀಟ್ ಬಂದ ಮೇಲೆ ಹಳ್ಳಿಯ ಮಗು ಕೋಚಿಂಗಿಗೆ ಲಕ್ಷ ಎಲ್ಲಿಂದ ತರಬೇಕು?

ಇಷ್ಟು ಹೇಳಿ ಬೆಂಗಳೂರಿನವರನ್ನು ಬಿಟ್ಟರೆ ತಪ್ಪಾಗುತ್ತದೆ. ಎಚ್.ಡಿ. ಕೋಟೆಯಿಂದ ನೋಡಿದರೆ ವಿಧಾನಸೌಧವೂ ದೂರವೇ. 2024ರ ಮಾರ್ಚಿನಲ್ಲಿ ಐದು, ಎಂಟು, ಒಂಬತ್ತನೇ ತರಗತಿಗೆ ಬೋರ್ಡ್ ಪರೀಕ್ಷೆ ಅಂತ ಮಾಡಿದ್ದು ನಮ್ಮ ರಾಜ್ಯ ಸರ್ಕಾರವೇ. ಶುರುವಾಯಿತು, ಮಧ್ಯದಲ್ಲಿ ಕೋರ್ಟು ನಿಲ್ಲಿಸಿತು, ಮತ್ತೆ ನಡೆಯಿತು, ಏಪ್ರಿಲ್‌ನಲ್ಲಿ ಫಲಿತಾಂಶಕ್ಕೆ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಹತ್ತು ವರ್ಷದ ಮಕ್ಕಳು! ಪದವಿ ಕಾಲೇಜಿನ ಕಥೆಯೂ ಅಷ್ಟೇ. 2021ರಲ್ಲಿ ಎನ್‌ಇಪಿ ಜಾರಿಗೆ, ಅದರ ನಾಲ್ಕು ವರ್ಷದ ಪದವಿಗೆ ನಾವೇ ಮೊದಲು ಅಂತ ಓಡಿದರು, ಸರ್ಕಾರ ಬದಲಾಗಿ 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ತಂದರು. ನಡುವಿನ ಮೂರು ಬ್ಯಾಚಿನ ಮಕ್ಕಳನ್ನು ಯಾರೂ ಕೇಳಲಿಲ್ಲ. ಇಷ್ಟಾದರೂ ಬೆಂಗಳೂರೇ ವಾಸಿ ಅನ್ನುತ್ತೇನೆ. ಅಲ್ಲಿಗೆ ನಾವು ಬಸ್ಸು ಹತ್ತಿ ಹೋಗಬಹುದು, ಕನ್ನಡದಲ್ಲೇ ಜಗಳ ಆಡಬಹುದು. ಮುಂದಿನ ಸಲ ಓಟು ಹಾಕದೇ ಇರಬಹುದು.

ನಾನು ನಿವೃತ್ತಿಯಾಗಿ ಎರಡು ವರ್ಷವಾಯಿತು. ಮೊನ್ನೆ ಹಳೇ ಶಾಲೆಗೆ ಹೋಗಿದ್ದೆ. ಹೆಡ್‌ಮೇಡಂ ಮೊಬೈಲ್ ಹಿಡಿದು ಕಿಟಕಿ ಹತ್ತಿರ ನಿಂತಿದ್ದಾರೆ, ನೆಟ್‌ವರ್ಕ್ ಅಲ್ಲಿ ಮಾತ್ರ ಸಿಗುತ್ತದೆ. ಮಕ್ಕಳ ಮಾಹಿತಿಯನ್ನು ರಾಜ್ಯದ ಪೋರ್ಟಲ್ಲಿಗೆ ಒಂದು ಸಲ, ಕೇಂದ್ರದ ಪೋರ್ಟಲ್ಲಿಗೆ ಇನ್ನೊಂದು ಸಲ ಹಾಕಬೇಕು. ಒಂದು ಹುಡುಗಿಯ ಹೆಸರು ದಾಖಲಾತಿ ಪುಸ್ತಕದಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ. ಒಂದು ಇಂಗ್ಲಿಷ್ ಅಕ್ಷರದ ವ್ಯತ್ಯಾಸ. ಅದಕ್ಕೇ ಆ ರಾಷ್ಟ್ರೀಯ ನಂಬರು ಹುಟ್ಟುತ್ತಿಲ್ಲ. ಅವಳ ಅಮ್ಮ ಕೂಲಿ ಬಿಟ್ಟು ಮೂರನೇ ಸಲ ಬಂದು ಬಾಗಿಲಲ್ಲಿ ನಿಂತಿದ್ದರು. ಇರುವುದು ಇಬ್ಬರೇ ಟೀಚರು. ಇನ್ನೊಬ್ಬರು ರಜೆ. ಒಳಗೆ ಮಕ್ಕಳು ಗಲಾಟೆ ಮಾಡುತ್ತಿದ್ದವು. ನಾನೇ ಒಳಗೆ ಹೋಗಿ ಚಾಪೆ ಮೇಲೆ ಕೂತು ಕಾರ್ಡಿನ ತಟ್ಟೆ ಎಳೆದುಕೊಂಡೆ.

ನಮ್ಮ ಎಂಪಿಗಳು ಊರಿಗೆ ಬಂದಾಗ ರಸ್ತೆ ಕೇಳುತ್ತೇವೆ, ರೈಲು ಕೇಳುತ್ತೇವೆ. ಕರ್ನಾಟಕದಿಂದ ಲೋಕಸಭೆಗೆ 28 ಜನ, ರಾಜ್ಯಸಭೆಗೆ 12 ಜನ ಹೋಗುತ್ತಾರೆ. ಶಿಕ್ಷಣವನ್ನು ರಾಜ್ಯ ಪಟ್ಟಿಗೆ ವಾಪಸ್ ತರುವ ಬಗ್ಗೆ ಸದನದಲ್ಲಿ ಒಂದು ಸಲವಾದರೂ ಎದ್ದು ನಿಂತಿದ್ದೀರಾ ಅಂತ ನಮ್ಮ ಎಂಪಿಯನ್ನು ಈ ಸಲ ಕೇಳುತ್ತೇನೆ. ನೀವೂ ನಿಮ್ಮವರನ್ನು ಕೇಳಿ. ಏನು ಹೇಳಿದರು ಅಂತ ಕೆಳಗೆ ಬರೆಯಿರಿ.